ಗೋಡೆಯ ಬಣ್ಣ, ಮನೆಯ ಶಾಂತಿ



ಮಳೆಗಾಲ ಮುಗಿದು ಕ್ರಿಸ್ಮಸ್ ಹತ್ತಿರವಾಗುತ್ತಿದ್ದಂತೆ ಮನೆಗಳಲ್ಲಿ ಸುಣ್ಣಬಣ್ಣದ ಮಾತು ಶುರುವಾಗುತ್ತದೆ. ಅಂಗಡಿಯಿಂದ ಬಣ್ಣದ ಕಾರ್ಡು ಬರುತ್ತದೆ. ಅದರ ಹಿಂದೆಯೇ ಮನಸ್ತಾಪವೂ ಬರುವುದುಂಟು. ಮಗನಿಗೆ ಕಣ್ಣು ಕುಕ್ಕುವ ಬಣ್ಣ ಬೇಕು, ಅತ್ತೆಗೆ ಹಳೆಯ ತಿಳಿನೀಲಿಯೇ ಸಾಕು, ಸೊಸೆ ಮೆಲ್ಲಗೆ ಬೂದುಹಸಿರಿನ ಮೇಲೆ ಬೆರಳಿಡುತ್ತಾಳೆ. "ಇದೇನು ಮಾಸಿದ ಬಣ್ಣ? ನೋಡಿದವರು ಏನಂದಾರು?" ಎನ್ನುವ ಮಾತು ಬಂದೇ ಬರುತ್ತದೆ. ಇಷ್ಟು ಸಣ್ಣ ಸಂಗತಿಗೂ ನಮ್ಮ ವಿಶ್ವಾಸಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ.

ಬೂದುಹಸಿರು ಪವಿತ್ರ ಗ್ರಂಥಕ್ಕೆ ಹೊಸದಲ್ಲ. ಜಲಪ್ರಳಯ ಇಳಿದಾಗ ಪಾರಿವಾಳವು ನೋವನ ಬಳಿಗೆ ತಂದದ್ದು ಓಲಿವ್ ಮರದ ಎಲೆ (ಆದಿಕಾಂಡ 8:11). ಆ ಎಲೆಯ ಮೇಲ್ಭಾಗ ಮಂಕು ಹಸಿರು, ಅಡಿಭಾಗ ಬೆಳ್ಳಿಬೂದು. ದೇವರಿಗೆ ಅಂಜಿ ನಡೆಯುವವನ ಮನೆಯಲ್ಲಿ ಊಟಕ್ಕೆ ಕುಳಿತ ಮಕ್ಕಳನ್ನು 128ನೇ ಕೀರ್ತನೆ ಹೋಲಿಸಿರುವುದೂ ಅದೇ ಮರದ ಸಸಿಗಳಿಗೆ. ತುರುವನೂರಿನ ಕಡೆಯವರು ಓಲಿವ್ ಮರ ಕಂಡಿರಲಿಕ್ಕಿಲ್ಲ. ಆದರೆ ಈಚಲು ಗರಿ ಕಂಡಿದ್ದಾರೆ. ಅದರದೂ ಅದೇ ಛಾಯೆ.

ವಿಭೂತಿ ಬುಧವಾರದ ಬೂದಿ ಪಶ್ಚಾತ್ತಾಪದ ಗುರುತು. ಸಾಧಾರಣ ಕಾಲದ 33 ಅಥವಾ 34 ವಾರಗಳಲ್ಲಿ ಗುರುಗಳು ಬಲಿಪೂಜೆಗೆ ತೊಡುವ ಹಸಿರು ಭರವಸೆಯ ಗುರುತು. ಇವೆರಡೂ ಬೆರೆತ ಬಣ್ಣ ಸಂಸಾರಕ್ಕೆ ಒಪ್ಪದೇ? ಅದು ತಾನು ಮೆರೆಯುವುದಿಲ್ಲ. ಮನೆಯವರ ಮುಖಗಳನ್ನೂ ಗೋಡೆಯ ಮೇಲಿನ ಶಿಲುಬೆಯನ್ನೂ ಮುಂದೆ ಬಿಟ್ಟು ತಾನು ಹಿಂದೆ ನಿಲ್ಲುತ್ತದೆ.

ಆದರೆ ಕಾರ್ಡು ನೋಡಿಯೇ ತೀರ್ಮಾನಿಸಬೇಡಿ. ಎರಡು ಗೋಡೆಗಳ ಮೇಲೆ ಎರಡೆರಡು ಅಡಿ ಬಳಿಸಿ. ಒಣಗಿದ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪದ ಬೆಳಕಿನಲ್ಲಿ ನೋಡಿ. ಬೆಳಕು ಕಡಿಮೆಯಿರುವ ಕೋಣೆಯಲ್ಲಿ ಈ ಬಣ್ಣ ಇನ್ನಷ್ಟು ಮಂಕಾಗಿ ಕಾಣುತ್ತದೆ. ಅಲ್ಲಿಗೆ ತಿಳಿಯಾದ ಛಾಯೆ ಇರಲಿ. ಆ ಕೋಣೆಯಲ್ಲಿ ಹೆಚ್ಚು ಹೊತ್ತು ಕಳೆಯುವವರನ್ನು ಕೇಳಿ. ಹಾಸಿಗೆ ಹಿಡಿದ ಅಜ್ಜಿಗೆ ದಿನವಿಡೀ ಕಾಣುವುದು ಆ ಗೋಡೆಯೊಂದೇ. ಆಕೆಯ ಮಾತಿಗೆ ಕಿವಿಗೊಡುವುದೂ ಪ್ರೀತಿಯ ಕೆಲಸವೇ.

ಬಳಿಯುವ ಮೊದಲು ಗೋಡೆಯನ್ನು ಮುಟ್ಟಿ ನೋಡಿ. ಮನೆಯ ಗೋಡೆಯಲ್ಲಿ ಹಸಿರು ಇಲ್ಲವೇ ಕೆಂಪು ಮಚ್ಚೆ ಕಂಡರೆ ಯಾಜಕನು ಪರೀಕ್ಷಿಸಿ ಏಳು ದಿನ ಮನೆ ಮುಚ್ಚಿಸಬೇಕು. ಮಚ್ಚೆ ಹರಡಿದ್ದರೆ ಆ ಕಲ್ಲುಗಳನ್ನು ಕೀಳಿಸಿ, ಒಳಗೋಡೆ ಕೆರೆಸಿ, ಹೊಸ ಗಾರೆ ಮಾಡಿಸಬೇಕು ಎಂದು ಯಾಜಕಕಾಂಡದ 14ನೇ ಅಧ್ಯಾಯ ವಿಧಿಸುತ್ತದೆ. ಮಚ್ಚೆಯ ಮೇಲೆ ಬಣ್ಣ ಹಚ್ಚಿ ಮರೆಮಾಡಿ ಎಂದು ಅಲ್ಲಿಲ್ಲ. ತೇವ ನಿಲ್ಲಿಸದೆ ಬಳಿದ ಬಣ್ಣ ಮುಂದಿನ ಮಳೆಗೆ ಉಬ್ಬಿ ಉದುರುತ್ತದೆ. ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಯೂ ಹಾಗೆಯೇ. ಹಬ್ಬದ ದಿನ ಹೊರಗಿನವರಿಗೆ ಎಲ್ಲವೂ ಚೆಂದ. ಒಳಗೆ ತೇವ ಹಾಗೆಯೇ ಇರುತ್ತದೆ. ಅದನ್ನು ಕೆರೆಯುವಾಗ ಧೂಳೆದ್ದೀತು, ನೋವಾದೀತು. ಆದರೂ ಮೊದಲು ಆ ಕೆಲಸ ಆಗಲಿ.

ಹಾಗೆಯೇ ಕೂಲಿಯನ್ನು ನೆನೆಯಿರಿ. ನೆರೆಯವನನ್ನು ಸಂಬಳವಿಲ್ಲದೆ ದುಡಿಸಿ, ಅರಮನೆಗೆ ಕೆಂಪು ಬಣ್ಣ ಬಳಿಸಿದ ಅರಸ ಯೆಹೋಯಾಕೀಮನನ್ನು ಪ್ರವಾದಿ ಯೆರೆಮೀಯ ಖಂಡಿಸಿದನು (ಯೆರೆಮೀಯ 22:13-14). ತಪ್ಪು ಬಣ್ಣದ್ದಲ್ಲ, ಕೊಡದ ಕೂಲಿಯದು. ನಿಮ್ಮ ಗೋಡೆಗೆ ಬಣ್ಣ ಬಳಿದವನು ಸಂಜೆ ಬರಿಗೈಯಲ್ಲಿ ಹೋಗದಿರಲಿ. ಸಾಲ ಮಾಡಿ ಬಣ್ಣ ಬಳಿಸಬೇಕಾದರೆ ಈ ವರ್ಷ ಸುಣ್ಣವೇ ಇರಲಿ.

ಇನ್ನೊಂದು ಮಾತು. ಈಚಲು ಗರಿಯ ಚೆಂದವನ್ನು ಹೇಳಿದೆವು. ಅದೇ ಈಚಲು ಮರಗಳನ್ನು ಕಡಿಯುವ ಸತ್ಯಾಗ್ರಹ 1939ರಲ್ಲಿ ತುರುವನೂರಿನಲ್ಲಿ ನಡೆಯಿತು, ಎಸ್. ನಿಜಲಿಂಗಪ್ಪನವರು ಅದರಲ್ಲಿದ್ದರು. ಗರಿ ಚೆಂದವೇ, ಆದರೆ ಮರದಿಂದ ಇಳಿಯುವ ಹೆಂಡ ಸಂಸಾರಗಳನ್ನು ಹಾಳುಮಾಡುತ್ತಿತ್ತು. ಇಂದಿಗೂ ಕುಡಿತ ಹೊಕ್ಕ ಮನೆಗೆ ಯಾವ ಬಣ್ಣವೂ ಶಾಂತಿ ತರಲಾರದು. ಅಂಥ ಮನೆಯ ಯಜಮಾನ ಈ ಹಬ್ಬಕ್ಕೆ ಕುಡಿತ ಬಿಡಲು ಮನಸ್ಸು ಮಾಡಿದರೆ, ಮಕ್ಕಳಿಗೆ ಅದಕ್ಕಿಂತ ದೊಡ್ಡ ಕಾಣಿಕೆ ಬೇರಿಲ್ಲ.

ಪ್ರಿಯರೇ, ಬೂದುಹಸಿರನ್ನೇ ಆರಿಸಿಕೊಳ್ಳಿ, ಬೇರೆಯದನ್ನೇ ಆರಿಸಿಕೊಳ್ಳಿ. ಮನೆಯವರೆಲ್ಲ ಕೂತು ಆರಿಸಿಕೊಳ್ಳಿ. ಸಂಜೆ ಜಪಸರಕ್ಕೆ ಆ ಗೋಡೆಗಳ ನಡುವೆ ಕೂತಾಗ ಮಾತು ಬಿಟ್ಟವರು ಯಾರೂ ಇಲ್ಲದಿರಲಿ. ಪಾರಿವಾಳದ ಮೂಲಕ ನೋವನಿಗೆ ಹಸಿರೆಲೆ ಕಳುಹಿಸಿದ ದೇವರು ನಿಮ್ಮ ಮನೆಗೂ ಶಾಂತಿಯನ್ನು ಅನುಗ್ರಹಿಸಲಿ.