ಕೇಳಿಸದಿದ್ದರೆ ಇಲ್ಲವೆಂದೇ?

ಪೊಲೀಸರು, ಅಗ್ನಿಶಾಮಕ ದಳದವರು, ಆಂಬುಲೆನ್ಸ್‌ನವರು ರೇಡಿಯೋದಲ್ಲಿ ಆಡಿಕೊಳ್ಳುವ ಮಾತನ್ನು ಮನೆಯಲ್ಲೇ ಕೂತು ಆಲಿಸುವುದು ಅಮೆರಿಕದಲ್ಲಿ ಹಳೆಯ ಹವ್ಯಾಸ. ಸ್ಕ್ಯಾನರ್ ಎಂಬ ಪುಟ್ಟ ರೇಡಿಯೋ ಇದ್ದರಾಯಿತು. ಅಲ್ಲಿನ ಪತ್ರಿಕಾ ಕಚೇರಿಗಳಲ್ಲೂ ಅದು ಇಡೀ ರಾತ್ರಿ ಗೊಣಗುತ್ತಿರುತ್ತಿತ್ತು. (ನಮ್ಮಲ್ಲಿ ಈ ಹವ್ಯಾಸ ಬೇರೂರುವಂತಿರಲಿಲ್ಲ. ಪರವಾನಗಿಯಿಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದನ್ನೇ 1933ರ ಕಾಯ್ದೆ ಅಪರಾಧ ಮಾಡಿತ್ತು.) ಅಲ್ಲಿನ ಪೊಲೀಸರು ಡಿಜಿಟಲ್ ರೇಡಿಯೋಗೆ ಹೊರಳಿದ ಮೇಲೆ ಈ ಹವ್ಯಾಸಿಗಳಿಗೆ ಒಂದು ವಿಚಿತ್ರ ಕಾಟ ಶುರುವಾಯಿತು. ಸಿಗ್ನಲ್ ತೋರಿಸುವ ಗೆರೆಗಳೆಲ್ಲ ತುಂಬಿರುತ್ತವೆ, ಪ್ರಸಾರ ಗೋಪುರ ಕಿಟಕಿಯಿಂದಲೇ ಕಾಣುತ್ತದೆ, ಆದರೂ ಸ್ಪೀಕರಿನಿಂದ ಹೊರಡುವುದು ತುಂಡುತುಂಡಾದ ಗೊರಗೊರ. ಕೆಲವೊಮ್ಮೆ ಅದೂ ಇಲ್ಲ. ದುಬಾರಿ ಆಂಟೆನಾ ತಂದು ಮಾಳಿಗೆ ಮೇಲೆ ನಿಲ್ಲಿಸಿದರೆ ಸ್ಥಿತಿ ಇನ್ನಷ್ಟು ಕೆಡುವುದೂ ಉಂಟು.

ಇರುವುದು ಏಕೆ ನಮ್ಮ ಅರಿವಿಗೆ ಬರುವುದಿಲ್ಲ? ಸಾಂಖ್ಯ ದಾರ್ಶನಿಕ ಈಶ್ವರಕೃಷ್ಣ ತನ್ನ ಸಾಂಖ್ಯಕಾರಿಕೆಯ ಏಳನೆಯ ಕಾರಿಕೆಯಲ್ಲಿ ಇದಕ್ಕೆ ಎಂಟು ಕಾರಣ ಕೊಟ್ಟಿದ್ದಾನೆ: ತೀರ ದೂರ, ತೀರ ಹತ್ತಿರ, ಇಂದ್ರಿಯದ ಊನ, ನೆಲೆ ನಿಲ್ಲದ ಮನಸ್ಸು, ವಸ್ತುವಿನ ಸೂಕ್ಷ್ಮತೆ, ನಡುವಿನ ಅಡ್ಡಿ, ಬಲವಾದದ್ದರ ಅಬ್ಬರ, ಮತ್ತು ತನ್ನಂಥವುಗಳ ಜೊತೆ ಬೆರೆತುಹೋಗುವುದು. ಜಗತ್ತಿನ ಮೂಲವಾದ ಪ್ರಕೃತಿ ಕಾಣದಿರುವುದು ಅದು ಸೂಕ್ಷ್ಮವಾದ್ದರಿಂದಲೇ ಹೊರತು ಇಲ್ಲದ್ದರಿಂದಲ್ಲ ಎಂದು ಮುಂದಿನ ಕಾರಿಕೆಯಲ್ಲಿ ಸಾಧಿಸಲು ಅವನಿಗೆ ಈ ಪಟ್ಟಿ ಬೇಕಿತ್ತು. ಕನ್ನಡ ನಾಡಿನ ಮಾಧ್ವ ಮಠಗಳಲ್ಲಿ ಇಂದಿಗೂ ಪಾಠವಾಗುವ ಪ್ರಮಾಣಪದ್ಧತಿಯಲ್ಲಿ ಟೀಕಾಚಾರ್ಯ ಜಯತೀರ್ಥರೂ ಹೆಚ್ಚುಕಡಿಮೆ ಇಂಥದೇ ದೋಷಗಳನ್ನು ಎಣಿಸುತ್ತಾರೆ.

ಸ್ಕ್ಯಾನರ್ ರಿಪೇರಿಗೆ ಕೂತವನಿಗೆ ಈ ಪಟ್ಟಿ ಅಚ್ಚರಿಯಾಗುವಷ್ಟು ಕೆಲಸಕ್ಕೆ ಬರುತ್ತದೆ. ಗುಡ್ಡ, ಕಾಂಕ್ರೀಟು ಗೋಡೆ ಅಡ್ಡಿಯಾಗುತ್ತವೆ. ಪಕ್ಕದಲ್ಲೇ ಎಫ್‌ಎಂ ಕೇಂದ್ರವಿದ್ದರೆ ಅದರ ಅಬ್ಬರಕ್ಕೆ ರಿಸೀವರ್ ಕಿವುಡಾಗುತ್ತದೆ. ಆ ಎಫ್ಎಂ ತರಂಗಾಂತರಗಳನ್ನು ತಡೆಯುವ ಫಿಲ್ಟರ್ ಹಾಕಬೇಕು. ಇಂದ್ರಿಯದ ಊನವೆಂದರೆ ಹೆಚ್ಚಾಗಿ ಕೇಬಲ್: ತೆಳ್ಳನೆಯ ಸಾಧಾರಣ ಕೇಬಲನ್ನು ಮೂವತ್ತು ಮೀಟರ್ ಎಳೆದರೆ 800 ಮೆಗಾಹರ್ಟ್ಸ್ ಸಂಕೇತದ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ದಾರಿಯಲ್ಲೇ ಕರಗುತ್ತದೆ.

ಆದರೆ ಹವ್ಯಾಸಿಗಳನ್ನು ನಿಜಕ್ಕೂ ಹೈರಾಣು ಮಾಡಿದ್ದು ಎಂಟನೆಯ ಕಾರಣ, ತನ್ನಂಥವುಗಳ ಜೊತೆ ಬೆರೆತುಹೋಗುವುದು. ಅಮೆರಿಕದ ಸುರಕ್ಷಾ ಪಡೆಗಳು ಬಳಸುವ ಡಿಜಿಟಲ್ ಮಾನದಂಡದ ಹೆಸರು ಪ್ರಾಜೆಕ್ಟ್ 25. ದೊಡ್ಡ ಜಿಲ್ಲೆಗಳಲ್ಲಿ ಹಲವು ಗೋಪುರಗಳು ಒಂದೇ ತರಂಗಾಂತರದಲ್ಲಿ, ಜಿಪಿಎಸ್ ಗಡಿಯಾರಕ್ಕೆ ಹೊಂದಿಸಿಕೊಂಡು, ಒಂದೇ ಮಾತನ್ನು ಒಂದೇ ಕ್ಷಣಕ್ಕೆ ಪ್ರಸಾರ ಮಾಡುತ್ತವೆ. ಇದೇ ಸೈಮಲ್‌ಕಾಸ್ಟ್. ಗೋಪುರಗಳು ಒಟ್ಟಿಗೇ ಹೊರಡಿಸಿದರೂ ಮನೆಗೆ ತಲುಪುವ ದೂರ ಒಂದೇ ಅಲ್ಲವಲ್ಲ. ರೇಡಿಯೋ ಅಲೆ ಮೈಕ್ರೋಸೆಕೆಂಡಿಗೆ 300 ಮೀಟರ್ ಓಡುತ್ತದೆ. ಎರಡು ಗೋಪುರಗಳ ದೂರದಲ್ಲಿ 20 ಕಿಲೋಮೀಟರ್ ವ್ಯತ್ಯಾಸವಿದ್ದರೆ ಎರಡನೆಯದು ಸುಮಾರು 67 ಮೈಕ್ರೋಸೆಕೆಂಡ್ ತಡವಾಗಿ ಬರುತ್ತದೆ. ಸೆಕೆಂಡಿಗೆ 4800 ಡಿಜಿಟಲ್ ಚಿಹ್ನೆಗಳು ಹರಿಯುವ ಕಡೆ ಒಂದೊಂದರ ಆಯುಷ್ಯ ಸುಮಾರು 208 ಮೈಕ್ರೋಸೆಕೆಂಡ್. ಅಂದರೆ ಮೂರನೇ ಒಂದು ಪಾಲಿನಷ್ಟು ಒಂದರ ಮೇಲೊಂದು ಜಾರಿಕೊಂಡಂತಾಯಿತು. ಬಂದ ಎರಡೂ ಸತ್ಯವೇ, ಎರಡೂ ಬಲವಾದವೇ; ಸೇರಿ ಅರ್ಥ ಕೆಟ್ಟಿತು. ಗೌಡಪಾದ ಸಾಂಖ್ಯಕಾರಿಕೆಯ ಭಾಷ್ಯದಲ್ಲಿ ಈ ಎಂಟನೆಯ ಕಾರಣಕ್ಕೆ ಕೊಡುವ ಉದಾಹರಣೆ ಹೆಸರುಕಾಳಿನ ರಾಶಿಗೆ ಎಸೆದ ಹೆಸರುಕಾಳು.

ಪರಿಹಾರವೂ ಅಲ್ಲೇ ಇದೆ: ಬೇರ್ಪಡಿಸಬೇಕು. ಎಲ್ಲ ದಿಕ್ಕಿನಿಂದ ಹೀರಿಕೊಳ್ಳುವ ಎತ್ತರದ ಆಂಟೆನಾ ಇಳಿಸಿ, ಒಂದೇ ಗೋಪುರದ ಕಡೆ ಮುಖ ಮಾಡಿದ ಯಾಗಿ ಆಂಟೆನಾ ಹಾಕುತ್ತಾರೆ. ಸಂಕೇತವನ್ನು ಬೇಕೆಂದೇ ಕುಗ್ಗಿಸುವ ಅಟೆನ್ಯುಯೇಟರ್ ಸಿಕ್ಕಿಸುತ್ತಾರೆ. ಸ್ಕ್ಯಾನರನ್ನು ಮೇಜಿನ ಮೇಲೆ ಒಂದು ಗೇಣು ಸರಿಸಿದರೂ ಕೆಲವೊಮ್ಮೆ ಮಾತು ತಿಳಿಯಾಗುತ್ತದೆ, ಏಕೆಂದರೆ 800 ಮೆಗಾಹರ್ಟ್ಸ್ ಅಲೆಯ ಉದ್ದವೇ ಒಂದೂವರೆ ಗೇಣಿನಷ್ಟು. ಹಳೆಯ ಸ್ಕ್ಯಾನರುಗಳು ಅಲೆಯ ತರಂಗಾಂತರದ ಏರಿಳಿತವನ್ನು ಮಾತ್ರ ಗಮನಿಸಿ ಉಳಿದದ್ದನ್ನು ಬಿಸಾಡುತ್ತಿದ್ದವು. 2018ರಲ್ಲಿ ಯೂನಿಡೆನ್ ಕಂಪನಿ ತಂದ ಎಸ್‌ಡಿಎಸ್100 ಅದನ್ನೂ ಉಳಿಸಿಕೊಂಡು ಲೆಕ್ಕ ಹಾಕುವ ಸಾಧನ. ಅಗ್ಗದ ಯುಎಸ್‌ಬಿ ರಿಸೀವರನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಎಸ್‌ಡಿಆರ್‌ಟ್ರಂಕ್‌ನಂಥ ಉಚಿತ ತಂತ್ರಾಂಶದಿಂದಲೂ ಈ ಕೆಲಸ ಮಾಡಿಕೊಳ್ಳುವವರಿದ್ದಾರೆ.

ಇಷ್ಟೆಲ್ಲ ಆಗಿ ಸ್ಕ್ಯಾನರ್ ಸುಮ್ಮನಿದ್ದರೆ? ಊರು ಶಾಂತವಾಗಿದೆಯೋ, ಪೆಟ್ಟಿಗೆಯೇ ಕಿವುಡೋ? ಇಲ್ಲಿಂದ ಪ್ರಶ್ನೆ ಗಂಭೀರವಾಗುತ್ತದೆ. ಕುಮಾರಿಲ ಭಟ್ಟನ ಮೀಮಾಂಸಾ ಪರಂಪರೆ ಅನುಪಲಬ್ಧಿಯನ್ನು, ಅಂದರೆ ಕಾಣದಿರುವುದನ್ನೇ, ಒಂದು ಪ್ರತ್ಯೇಕ ಪ್ರಮಾಣವೆಂದು ಒಪ್ಪುತ್ತದೆ. ನೆಲದ ಮೇಲೆ ಗಡಿಗೆ ಇಲ್ಲವೆಂಬುದು ಕಾಣದಿರುವುದರಿಂದಲೇ ತಿಳಿಯುತ್ತದೆ. ಆದರೆ ಷರತ್ತಿದೆ: ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವಂಥ ಸ್ಥಿತಿ ಇರಬೇಕು. ಕತ್ತಲೆಯಲ್ಲಿ ಗಡಿಗೆ ಕಾಣಲಿಲ್ಲವೆಂದರೆ ಏನೂ ಸಿದ್ಧವಾಗುವುದಿಲ್ಲ. ಕೆಲವೇ ಚಾನೆಲ್ಲುಗಳನ್ನು ಹಲವು ಗುಂಪುಗಳು ಹಂಚಿಕೊಳ್ಳುವ ಡಿಜಿಟಲ್ ಟ್ರಂಕಿಂಗ್ ವ್ಯವಸ್ಥೆಯಲ್ಲಿ ಈ ಷರತ್ತನ್ನು ಪರೀಕ್ಷಿಸಲು ಒಳ್ಳೆಯ ಉಪಾಯವೊಂದಿದೆ. ಯಾರೂ ಮಾತಾಡದಿದ್ದರೂ, ಯಾವ ಗುಂಪಿಗೆ ಯಾವ ಚಾನೆಲ್ ಎಂದು ತಿಳಿಸುವ ಕಂಟ್ರೋಲ್ ಚಾನೆಲ್ ಬಿಡುವಿಲ್ಲದೆ ದತ್ತಾಂಶ ಹೊರಡಿಸುತ್ತಿರುತ್ತದೆ. ಸ್ಕ್ಯಾನರ್ ಅದನ್ನು ತಪ್ಪಿಲ್ಲದೆ ಬಿಡಿಸಿಕೊಳ್ಳುತ್ತಿದ್ದರೆ ಮೌನ ನಿಜವಾದ ಮೌನ. ಅದೇ ತೊದಲುತ್ತಿದ್ದರೆ ಮೌನಕ್ಕೆ ಸಾಕ್ಷಿಯ ಬೆಲೆ ಇಲ್ಲ.

ಈ ಷರತ್ತು ಬರೀ ತರ್ಕಶಾಸ್ತ್ರದ ಕಸರತ್ತಲ್ಲ. 2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ಉತ್ತರ ಗೋಪುರದ ಲಾಬಿಯಲ್ಲಿ ಅಗ್ನಿಶಾಮಕ ಮುಖ್ಯಸ್ಥರು ಕಟ್ಟಡದ ರಿಪೀಟರನ್ನು ಪರೀಕ್ಷಿಸಿದರು. ಎತ್ತರದ ಕಟ್ಟಡದೊಳಗೆ ರೇಡಿಯೋ ಮಾತು ತಲುಪಲೆಂದೇ ಹಾಕಿದ್ದ ವ್ಯವಸ್ಥೆ ಅದು. ಮುಖ್ಯ ಹ್ಯಾಂಡ್‌ಸೆಟ್‌ನಿಂದ ಪ್ರಸಾರವಾಗಲು ಎರಡನೆಯ ಗುಂಡಿಯೊಂದನ್ನು ಒತ್ತಬೇಕಿತ್ತು, ಅದನ್ನು ಒತ್ತಿರಲಿಲ್ಲ. ಪರೀಕ್ಷೆಯ ಮಾತು ಕೇಳಿಸಲಿಲ್ಲ, ಹಾಗಾಗಿ ರಿಪೀಟರ್ ಕೆಟ್ಟಿದೆಯೆಂದು ತಿಳಿದು ಅದನ್ನು ಕೈಬಿಟ್ಟರು. ಅದೇ ರಿಪೀಟರ್ ಆಮೇಲೆ ದಕ್ಷಿಣ ಗೋಪುರದಲ್ಲಿ ಬಳಕೆಯಾಯಿತು ಎಂದು ಅಂದಿನ ದಾಳಿಯ ವಿಚಾರಣಾ ಆಯೋಗದ ವರದಿ ದಾಖಲಿಸಿದೆ. ಆ ದಿನ ಸತ್ತ 343 ಅಗ್ನಿಶಾಮಕರ ಸಾವಿಗೆ ಈ ಒಂದು ಗುಂಡಿಯೇ ಕಾರಣವೆಂದು ಆಯೋಗ ಹೇಳಿಲ್ಲ, ಹೇಳಲೂ ಬಾರದು. ಆದರೆ ಅವಸರದಲ್ಲಿ ಕೇಳಿಸದ್ದನ್ನು ಕೆಟ್ಟದ್ದೆಂದು ಎಣಿಸುವುದು ಎಷ್ಟು ಸಲೀಸೆಂದು ಅದು ತೋರಿಸುತ್ತದೆ.

ನೈಯಾಯಿಕ ಉದಯನ ನ್ಯಾಯಕುಸುಮಾಂಜಲಿಯಲ್ಲಿ ಇದೇ ಷರತ್ತನ್ನು ದೇವರ ಪರವಾಗಿ ಬಳಸಿದ. ದೇವರು ಕಾಣುವುದಿಲ್ಲ, ಆದ್ದರಿಂದ ಇಲ್ಲ ಎಂಬ ಚಾರ್ವಾಕನಿಗೆ ಅವನ ಉತ್ತರ ಕುಹಕದ್ದು: ಕಾಣದ್ದೆಲ್ಲ ಇಲ್ಲವಾದರೆ, ಮನೆಯಿಂದ ಹೊರಬಿದ್ದ ಚಾರ್ವಾಕ ಹೆಂಡತಿ ಮಕ್ಕಳು ಕಾಣುತ್ತಿಲ್ಲವೆಂದು ಎದೆ ಬಡಿದುಕೊಂಡು ಅಳಬೇಕಾಗುತ್ತದೆ. ಕಾಣಲು ಯೋಗ್ಯವಾದದ್ದು ಕಾಣದಿದ್ದರೆ ಮಾತ್ರ ಇಲ್ಲವೆನ್ನಬಹುದು. ಈಶ್ವರ ಕಣ್ಣಿಗೆ ಯೋಗ್ಯನಾದ ವಸ್ತುವೇ ಅಲ್ಲ.

ವಾದ ಚೂಪಾಗಿದೆ, ಆದರೆ ಅರ್ಧ ದಾರಿಗೆ ನಿಲ್ಲುತ್ತದೆ. ನಾಸ್ತಿಕನ ಬಾಯಿ ಕಟ್ಟುತ್ತದೆಯೇ ಹೊರತು ಆಸ್ತಿಕನ ಕೈಗೆ ಏನನ್ನೂ ಕೊಡುವುದಿಲ್ಲ. ಉದಯನನಿಗೂ ಇದು ಗೊತ್ತಿತ್ತು, ಆದ್ದರಿಂದಲೇ ಈಶ್ವರನಿಗೆ ಬೇರೆ ಅನುಮಾನಗಳನ್ನು, ಅಂದರೆ ತರ್ಕದ ಯುಕ್ತಿಗಳನ್ನು, ಕಟ್ಟಿದ. ಅವನಿಗಿಂತ ಹಿಂದಿನ ಬೌದ್ಧ ಧರ್ಮಕೀರ್ತಿ ಹೆಚ್ಚು ಜಿಪುಣ: ಕಾಣಲು ಯೋಗ್ಯವಲ್ಲದ್ದು ಕಾಣದಿದ್ದರೆ ಸಿಗುವುದು ಸಂಶಯವೊಂದೇ ಎಂದುಬಿಟ್ಟ. ಈ ವಿಷಯದಲ್ಲಿ ಸ್ಕ್ಯಾನರ್ ಹವ್ಯಾಸಿ ಧರ್ಮಕೀರ್ತಿಯ ಪಕ್ಷದವನು. ಅವನು ಆರೋಪಿಸುವ ಒಂದೊಂದು ದೋಷವನ್ನೂ ಬೇರೆಯಾಗಿ ಪರೀಕ್ಷಿಸಬಹುದು. ಆಂಟೆನಾ ತಿರುಗಿಸಿದರೆ ತಪ್ಪುಗಳ ಪ್ರಮಾಣ ಬದಲಾಗುತ್ತದೆ. ‘ನಿನ್ನ ಮನಸ್ಸು ಶುದ್ಧವಾಗಿಲ್ಲ, ಅದಕ್ಕೇ ಕಾಣುತ್ತಿಲ್ಲ’ ಎನ್ನುವ ಗುರುವಿನ ಮಾತಿಗೆ ಅಂಥ ಪರೀಕ್ಷೆ ಇಲ್ಲ. ಕಂಡರೆ ಶುದ್ಧ, ಕಾಣದಿದ್ದರೆ ಅಶುದ್ಧ ಎಂದಾದಾಗ ಯೋಗ್ಯತೆಗೆ ಸಾಕ್ಷಿ ಯಾರು? ಕಂಟ್ರೋಲ್ ಚಾನೆಲ್ಲಿನಂಥ ಸ್ವತಂತ್ರ ಸಾಕ್ಷಿಯನ್ನು ತೋರಿಸುವ ಹೊಣೆ ಹಾಗೆ ಹೇಳಿದವರ ಮೇಲಿದೆ.

ಈಗ ಸ್ಕ್ಯಾನರುಗಳ ಮುಂದೆ ಇನ್ನೊಂದು ಬಗೆಯ ಮೌನ ಬಂದಿದೆ. ಪರದೆಯ ಮೇಲೆ ಗುಂಪಿನ ಸಂಖ್ಯೆ ಮೂಡುತ್ತದೆ, ಯಾರೋ ಮಾತಾಡುತ್ತಿರುವುದು ಖಚಿತ, ಮಾತು ಮಾತ್ರ ಗೂಢಲಿಪಿಯಲ್ಲಿದೆ. ಯಾವ ಆಂಟೆನಾ ತಂದರೂ ಇದಕ್ಕೆ ಉಪಯೋಗವಿಲ್ಲ. ಈಶ್ವರಕೃಷ್ಣನ ಎಂಟರಲ್ಲಿ ಇದು ಸೇರದು, ಏಕೆಂದರೆ ಇಲ್ಲಿ ದೋಷ ವಸ್ತುವಿನದಲ್ಲ, ಇಂದ್ರಿಯದ್ದೂ ಅಲ್ಲ, ಅಧಿಕಾರಿಗಳ ನಿರ್ಧಾರ. ಜನರ ಖಾಸಗಿ ವಿವರ, ಪೊಲೀಸರ ಸುರಕ್ಷತೆ ಎಂಬ ಸಮರ್ಥನೆಯಲ್ಲಿ ಹುರುಳಿಲ್ಲದಿಲ್ಲ. ಸುದ್ದಿಯ ದಾರಿಯೇ ಮುಚ್ಚಿತೆಂಬ ಪತ್ರಕರ್ತರ ದೂರಿನಲ್ಲೂ ಹುರುಳಿದೆ. ನ್ಯೂಯಾರ್ಕ್ ಪೊಲೀಸರು 2023ರಲ್ಲಿ ಬ್ರೂಕ್ಲಿನ್‌ನಿಂದ ಗೂಢಲಿಪಿ ಆರಂಭಿಸಿದರು. ಶಿಕಾಗೊ ತನ್ನ ಮಾತುಕತೆಯನ್ನು ಅರ್ಧ ಗಂಟೆ ತಡಮಾಡಿ ಹೊರಬಿಟ್ಟಿತು. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ನಗರದ ಪೊಲೀಸರು 2021ರ ಜನವರಿಯಲ್ಲಿ ಮುಚ್ಚಿದ ರೇಡಿಯೋವನ್ನು 2022ರ ಸೆಪ್ಟೆಂಬರಿನಲ್ಲಿ ಮತ್ತೆ ಎಲ್ಲರ ಕಿವಿಗೂ ತೆರೆದರು.