ಎರಡು ಲೆಕ್ಕ, ಒಂದು ಕೈ

ಸಾಹುಕಾರನ ಸ್ವಂತದ ಹಣವೂ ಸರಕಾರದ ಹಣವೂ ಒಂದೇ ಕೈಯಲ್ಲಿ ಕೂಡಿದಾಗ, ಆ ಕೈಯು ಶುದ್ಧವಾಗಿದ್ದರೆ ಸಾಕೇ? ರೋಣ, ನರಗುಂದ, ಗಜೇಂದ್ರಗಡಗಳ ಪೇಟೆಯನ್ನು ಬಲ್ಲ ವಾಚಕರಿಗೆ ಈ ಪ್ರಶ್ನೆಯು ಹೊಸದಾಗಿರಲಾರದು. ವ್ಯಾಪಾರದಲ್ಲಿ ಹೆಸರು ಪಡೆದವರನ್ನು ಊರ ಕಾರ್ಯಕ್ಕೆ ಮುಂದೆ ಮಾಡುವದು ನಮ್ಮಲ್ಲಿಯೂ ಉಂಟು. ಇದನ್ನು ವಿಚಾರಿಸುವದಕ್ಕೆ ಅಮೇರಿಕದ ರಾಬರ್ಟ್ ಮಾರಿಸನ ಚರಿತ್ರವು ಒಳ್ಳೆಯ ಒರೆಗಲ್ಲಾಗಿದೆ.

1734ರಲ್ಲಿ ಇಂಗ್ಲೆಂಡದ ಲಿವರ್‌ಪೂಲಿನಲ್ಲಿ ಹುಟ್ಟಿದ ಈತನು ಚಿಕ್ಕಂದಿನಲ್ಲಿಯೇ ಅಮೇರಿಕಕ್ಕೆ ಹೋಗಿ, ಫಿಲಡೆಲ್ಫಿಯ ಪಟ್ಟಣದಲ್ಲಿ ಹಡಗಿನ ವ್ಯಾಪಾರದಿಂದ ದೊಡ್ಡ ಸಾಹುಕಾರನಾದನು. ಆ ವ್ಯಾಪಾರವು ಗುಲಾಮರ ಮಾರಾಟದಲ್ಲಿಯೂ ಪಾಲುಗೊಂಡಿತ್ತೆಂಬುದನ್ನು ಮರೆಯಲಾಗದು. 1776ರಲ್ಲಿ ಸ್ವಾತಂತ್ರ್ಯದ ಪ್ರಕಟನೆಗೆ ಅವನು ಸಹಿ ಮಾಡಿದನು. ಯುದ್ಧದಿಂದ ಬೊಕ್ಕಸವು ಬರಿದಾಗಿ, ಸರಕಾರದ ಕಾಗದದ ಹಣವನ್ನು ಜನರು ನಂಬದಂತಾದಾಗ, 1781ರಲ್ಲಿ ಅವನನ್ನೇ ಹಣಕಾಸಿನ ಮೇಲಧಿಕಾರಿಯನ್ನಾಗಿ ನಿಯಮಿಸಿದರು. ಸ್ವಂತ ವ್ಯಾಪಾರವನ್ನು ಬಿಡುವದಿಲ್ಲವೆಂಬ ಕರಾರಿನ ಮೇಲೆಯೇ ಅವನು ಆ ಪದವಿಯನ್ನು ಒಪ್ಪಿದನು. ಅವನ ಸಹಿಯ ಚೀಟಿಗಳನ್ನು ಜನರು ಸರಕಾರದ ನೋಟಿಗಿಂತ ಹೆಚ್ಚಾಗಿ ನಂಬಿದರು. ಸೈನ್ಯದ ವೆಚ್ಚಕ್ಕೆ ದಾರಿಯಾಯಿತು. ವ್ಯಾಪಾರವನ್ನು ಬಿಟ್ಟಿದ್ದರೆ ಆ ಸಹಿಗೆ ಅಷ್ಟು ಬೆಲೆ ಬರುತ್ತಿದ್ದಿಲ್ಲ.

ಹಾಗಾದರೆ ದೋಷವೆಲ್ಲಿ? 1779ರಲ್ಲಿಯೇ ಥಾಮಸ್ ಪೇನ್ ಮೊದಲಾದವರು ಅವನ ವ್ಯವಹಾರಗಳ ಮೇಲೆ ಸಂಶಯ ಪಟ್ಟಿದ್ದರು. ಆಗಿನ ವಿಚಾರಣೆಯಲ್ಲಿ ಅವನು ನಿರ್ದೋಷಿಯೆಂದಾಯಿತು. ಸಂಶಯವು ಮಾತ್ರ ಅವನನ್ನು ಬಿಡಲಿಲ್ಲ. ಎರಡು ಲೆಕ್ಕಗಳು ಬೆರೆತಲ್ಲಿ ಕಳ್ಳನನ್ನು ಹಿಡಿಯುವದಷ್ಟೇ ಕಠಿಣವಲ್ಲ; ಸತ್ಯವಂತನು ತನ್ನ ಸತ್ಯವನ್ನು ತೋರಿಸುವದೂ ಕಠಿಣವೇ. ಆದುದರಿಂದ ಲೆಕ್ಕವನ್ನು ಬೇರೆಯಾಗಿಟ್ಟು ಪರರಿಗೆ ತೋರಿಸಬೇಕೆಂಬ ನಿಯಮವು ಪ್ರಾಮಾಣಿಕನಿಗೆ ಅವಮಾನವಲ್ಲ, ಅವನಿಗೇ ರಕ್ಷೆ.

ಮುಂದೆ ಸೆನೆಟಿನ ಸದಸ್ಯನಾಗಿದ್ದಾಗಲೂ ಮಾರಿಸನು ಸಾಲ ಮಾಡಿ ಅಪಾರ ಭೂಮಿಯನ್ನು ಕೊಂಡನು. ಸಾಲವನ್ನು ತೀರಿಸಲಾರದೆ 1798ರಿಂದ 1801ರ ವರೆಗೆ ಸೆರೆಮನೆಯಲ್ಲಿದ್ದು, 1806ರಲ್ಲಿ ತೀರಿಕೊಂಡನು. ರಾಷ್ಟ್ರದ ಪತ್ತನ್ನು ಉಳಿಸಿದವನ ಪತ್ತೇ ಮುಳುಗಿತು! ಒಬ್ಬನ ಪತ್ತಿನ ಮೇಲೆ ರಾಷ್ಟ್ರವು ಬಹುಕಾಲ ನಿಲ್ಲಬಾರದೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ನಮ್ಮ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರು ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ಅಲ್ಲಿಯೂ ಹಿರಿಯರೊಬ್ಬರ ಮೇಲಿನ ವಿಶ್ವಾಸವೇ ಬೀಜ. ಆದರೆ ಹಣವು ಸದಸ್ಯರೆಲ್ಲರದು, ಲೆಕ್ಕವನ್ನು ವರ್ಷಕ್ಕೊಮ್ಮೆ ತಪಾಸು ಮಾಡಿಸತಕ್ಕದ್ದೆಂಬುದು ಕಾಯಿದೆ. ಸಾರ್ವಜನಿಕ ಕಾರ್ಯವು ಒಬ್ಬನ ಹೆಸರಿನಿಂದ ಮೊದಲಾಗಲಿ; ಅದು ನಿಲ್ಲಬೇಕಾದದ್ದು ಎಲ್ಲರೂ ನೋಡಬಹುದಾದ ಲೆಕ್ಕದ ಮೇಲೆ.