ಇಡಿಯನ್ನು ಒಡೆದರೆ ಉಳಿಯುವುದೇನು?

2015ರ ಜೂನ್‌ನಲ್ಲಿ ‘ಫೈನಲ್ ಫ್ಯಾಂಟಸಿ 7’ ವಿಡಿಯೋ ಗೇಮನ್ನು ಹೊಸದಾಗಿ ಕಟ್ಟಲಾಗುತ್ತಿದೆ ಎಂಬ ಸುದ್ದಿ ಬಂದಾಗ ಅಭಿಮಾನಿಗಳ ಸಂಭ್ರಮಕ್ಕೆ ಮಿತಿಯಿರಲಿಲ್ಲ. 2005ರಲ್ಲಿ ಪ್ಲೇಸ್ಟೇಷನ್ 3ರ ಸಾಮರ್ಥ್ಯ ತೋರಿಸಲೆಂದು ಆ ಆಟದ ಆರಂಭದ ದೃಶ್ಯವನ್ನು ಹೊಸ ರೂಪದಲ್ಲಿ ಪ್ರದರ್ಶಿಸಿದಾಗಿನಿಂದ ಅವರು ಈ ಮಾತಿಗೆ ಕಾದಿದ್ದರು. ಆದರೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಸ್ಕ್ವೇರ್ ಎನಿಕ್ಸ್ ಕಂಪನಿ ಇನ್ನೊಂದು ವಿಷಯ ಹೇಳಿತು: ಆಟ ಒಂದೇ ಸಲಕ್ಕೆ ಬರುವುದಿಲ್ಲ, ಭಾಗ ಭಾಗವಾಗಿ ಬರುತ್ತದೆ. ಸಂಶಯ ಹುಟ್ಟಿದ್ದು ಅಲ್ಲಿ.

ಈ ಸಂಶಯವನ್ನು ದುಡ್ಡಿನ ಲೆಕ್ಕವೆಂದು ತಳ್ಳಿಹಾಕುವುದು ಸುಲಭ. ಒಂದೇ ಆಟಕ್ಕೆ ಹಲವು ಸಲ ಬೆಲೆ ತೆರಬೇಕೆ ಎಂಬ ದೂರು ಇದ್ದದ್ದೇ. ಆದರೆ 2020ರ ಏಪ್ರಿಲ್‌ನಲ್ಲಿ ಬಂದ ಮೊದಲ ಭಾಗವೇ ಮೂವತ್ತು ಗಂಟೆ ಮೀರುವ ಆಟ. ಕೊಟ್ಟ ಹಣಕ್ಕೆ ಮೋಸವಾಗಲಿಲ್ಲ. ಮೂಲ ಆಟದ ನಿರ್ದೇಶಕ, ಹೊಸದರ ನಿರ್ಮಾಪಕ ಯೋಶಿನೋರಿ ಕಿತಾಸೆ ಕೊಟ್ಟ ಕಾರಣವೂ ಗಟ್ಟಿಯಾದದ್ದೇ. ಎಲ್ಲವನ್ನೂ ಒಂದರಲ್ಲೇ ಹಿಡಿಸಲು ಹೋದರೆ ಅನೇಕ ಭಾಗಗಳನ್ನು ಕತ್ತರಿಸಬೇಕಾಗುತ್ತಿತ್ತು. ಸರಿ, ಏನನ್ನೂ ಕತ್ತರಿಸಲಿಲ್ಲ ಎಂದೇ ಇಟ್ಟುಕೊಳ್ಳೋಣ. ಹಾಗಿದ್ದೂ ಒಡೆದ ಮಾತ್ರಕ್ಕೆ ಏನಾದರೂ ಕಳೆದುಹೋಗುತ್ತದೆಯೆ? ಹೋಗುತ್ತದೆ ಎಂದೇ ನಾನು ನಂಬಿದ್ದೇನೆ.

ಮಿಡ್‌ಗಾರ್ ನಗರವನ್ನು ನೋಡಿ. ಭೂಮಿಯ ಜೀವಸಾರವನ್ನೇ ಹೀರಿ ಶಕ್ತಿ ತಯಾರಿಸುವ ಶಿನ್ರಾ ಕಂಪನಿಯ ಊರು ಅದು. ಮೇಲೆ ಉಕ್ಕಿನ ಚಪ್ಪರದ ಮೇಲೆ ಉಳ್ಳವರು, ಕೆಳಗೆ ಆಕಾಶ ಕಾಣದ ಕೊಳೆಗೇರಿಗಳು. 1997ರ ಆಟದಲ್ಲಿ ಕೆಲವೇ ಗಂಟೆ ಅಲ್ಲಿ ಉಸಿರುಗಟ್ಟಿದಂತೆ ಅಲೆದು, ಜಗತ್ತೆಂದರೆ ಇಷ್ಟೇ ಎಂದುಕೊಳ್ಳುವ ಹೊತ್ತಿಗೆ ನಾವು ಊರ ಹೊರಗೆ ಕಾಲಿಡುತ್ತೇವೆ. ಖಂಡಗಳು, ಕಡಲುಗಳು ತೆರೆದುಕೊಳ್ಳುತ್ತವೆ. ಅಷ್ಟು ದೊಡ್ಡ ಮಿಡ್‌ಗಾರ್ ಭೂಪಟದ ಒಂದು ಮೂಲೆಗೆ ಸೇರಿಬಿಡುತ್ತದೆ. ಆ ಇಕ್ಕಟ್ಟಿಗೆ ಅರ್ಥ ಬರುವುದು ಈ ಬಿಡುಗಡೆಯಿಂದ. ಹೊಸ ಮೊದಲ ಭಾಗದಲ್ಲಿ ಮಿಡ್‌ಗಾರೇ ಇಡೀ ಆಟ. ಊರು ದಾಟಿದೊಡನೆ ಆಟ ಮುಗಿಯುತ್ತದೆ. ಆ ಬಯಲಿಗಾಗಿ 2024ರ ಫೆಬ್ರವರಿಯವರೆಗೆ, ಎರಡನೆಯ ಭಾಗ ‘ರೀಬರ್ತ್’ ಬರುವವರೆಗೆ ಕಾಯಬೇಕಾಯಿತು. ಬಯಲು ಬಂತು, ಸುಂದರವಾಗಿಯೇ ಬಂತು. ಆದರೆ ಉಸಿರುಗಟ್ಟಿದ ಅನುಭವ ಅಷ್ಟರಲ್ಲಿ ನಾಲ್ಕು ವರ್ಷ ಹಳೆಯದಾಗಿತ್ತು.

ಡಿಕನ್ಸ್ ಕಂತುಗಳಲ್ಲೇ ಬರೆದ, ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳನ್ನೂ ಜನ ಕಾದು ಓದಿದರು, ಆಟಕ್ಕೆ ಮಾತ್ರ ಯಾಕೆ ಈ ತಕರಾರು ಎಂದು ಕೇಳಬಹುದು. ಧಾರಾವಾಹಿ ನಿಂತಿರುವುದು ‘ಮುಂದೇನು’ ಎಂಬ ಕುತೂಹಲದ ಮೇಲೆ. ಇಲ್ಲಿ ಮುಂದೇನೆಂದು ಅಭಿಮಾನಿಗೆ ಇಪ್ಪತ್ತು ವರ್ಷದಿಂದ ಗೊತ್ತು. ಗೊತ್ತಿರುವ ಕಥೆಯನ್ನು ಕಂತಾಗಿಸಿದರೆ ಕಾಯುವುದಕ್ಕೆ ಕಾರಣವೇ ಇರುವುದಿಲ್ಲ. ಹೊಸ ಕಾರಣ ಹುಟ್ಟಿಸಲೇಬೇಕು. ಹೊಸ ಆಟದಲ್ಲಿ ವಿಧಿಯ ಕಾವಲುಗಾರರಂತೆ ಸುಳಿದಾಡುವ ನೆರಳುಗಳು ಬಂದದ್ದು ಇದಕ್ಕೇ ಎಂದು ನನ್ನ ಅನಿಸಿಕೆ. ಕಥೆ ಹಳೆಯ ದಾರಿ ಬಿಡದಂತೆ ಅವು ತಡೆಯುತ್ತವೆ, ಕೊನೆಗೆ ನಾಯಕರು ಅವನ್ನೇ ಸೋಲಿಸುತ್ತಾರೆ. ಅಂದರೆ ಒಡೆಯುವ ನಿರ್ಧಾರ ಕಥೆಯ ಹೊರಗೆ ಉಳಿಯಲಿಲ್ಲ, ಒಳಕ್ಕೆ ಇಳಿದು ಕಥೆಯನ್ನೇ ಬದಲಿಸಿತು.

ಇದರ ಪೆಟ್ಟು ಹೆಚ್ಚು ಬಿದ್ದದ್ದು ನಾಯಕರ ತಂಡದ ಏರಿತ್ ಸಾವಿನ ಮೇಲೆ. ಮೂಲದಲ್ಲಿ ಮೊದಲ ಡಿಸ್ಕಿನ ಕೊನೆಗೆ ಖಳನಾಯಕ ಸೆಫಿರೋತ್ ಅವಳನ್ನು ಕೊಲ್ಲುತ್ತಾನೆ. ಆದರೆ ಆಟ ಅಲ್ಲಿ ನಿಲ್ಲುವುದಿಲ್ಲ. ಡಿಸ್ಕ್ ಬದಲಿಸಿ ನಾವು ಮುಂದೆ ಹೋಗಲೇಬೇಕು. ತಂಡ ಕಟ್ಟುವಾಗ ಅವಳ ಹೆಸರಿಲ್ಲ; ಗಾಯ ಮಾಯಿಸಲು ಅವಳನ್ನು ನೆಚ್ಚಿಕೊಂಡಿದ್ದವರು ಬೇರೆ ದಾರಿ ಹುಡುಕಬೇಕು; ಅವಳನ್ನು ಬೆಳೆಸಲು ಪಟ್ಟ ಶ್ರಮವೆಲ್ಲ ಅವಳೊಂದಿಗೇ ಹೋಯಿತು. ಪ್ರತಿ ಕಾಳಗದಲ್ಲೂ ಆ ಶೂನ್ಯ ಕೈಗೆ ತಾಗುತ್ತದೆ. ಓದುಗನಿಗೆ, ಪ್ರೇಕ್ಷಕನಿಗೆ ಸಿಗದ ದುಃಖ ಇದು, ಆಟಕ್ಕೆ ಮಾತ್ರ ಸಾಧ್ಯವಾದದ್ದು. ‘ರೀಬರ್ತ್’ ಈ ಘಟನೆಯನ್ನು ಕೊನೆಯಲ್ಲಿಟ್ಟು, ಅದು ನಡೆಯಿತೋ ಇಲ್ಲವೋ ಎಂಬ ಮಸುಕನ್ನೂ ಹರಡಿ, ತೆರೆ ಎಳೆಯುತ್ತದೆ. ದುಃಖದ ಜಾಗದಲ್ಲಿ ಊಹಾಪೋಹ ಬೆಳೆಯಿತು.

ಮೂಲವೂ ಮೂರು ಡಿಸ್ಕಿನದೇ ಅಲ್ಲವೆ ಎಂಬ ಆಕ್ಷೇಪ ಬರಬಹುದು. ಡಿಸ್ಕ್ ಬದಲಿಸುವುದು ನಿಮಿಷದ ಕೆಲಸ, ಗಳಿಸಿದ್ದೆಲ್ಲ ಜೊತೆಗೇ ಬರುತ್ತಿತ್ತು. ಹೊಸದರ ಮೊದಲ ಭಾಗದಲ್ಲಿ ಗಳಿಸಿದ ಮಟ್ಟಗಳು ಎರಡನೆಯದಕ್ಕೆ ಬರಲಿಲ್ಲ. ಅದೇ ನಾಯಕ ಕ್ಲೌಡ್, ಅದೇ ಪಯಣ, ಆದರೆ ಬಲ ಮಾತ್ರ ಮತ್ತೆ ಕೆಳಗಿನಿಂದ. ಹಿಂದಿನ ದುಡಿಮೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಭಾಗವನ್ನು ಅದೇ ಆಟದ ಮುಂದುವರಿಕೆ ಎಂದು ಒಪ್ಪುವುದು ನನಗೆ ಕಷ್ಟ.

ಈ ಎರಡೂ ಭಾಗಗಳ ಕಸುಬುಗಾರಿಕೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಒಳ್ಳೆಯ ಆಟಗಳೇ. ಆದರೂ 2015ರ ಡಿಸೆಂಬರ್‌ನಲ್ಲಿ ಸಂಶಯಪಟ್ಟವರು ಜಿಪುಣರಲ್ಲ, ಹಟಮಾರಿಗಳೂ ಅಲ್ಲ. ಹಳೆಯ ಆಟಗಳನ್ನು ಮತ್ತೆ ಕಟ್ಟುವವರಲ್ಲಿ ನನ್ನ ಕೋರಿಕೆ ಇಷ್ಟು: ಒಡೆಯಲೇಬೇಕಾದರೆ ಆಟಗಾರ ಗಳಿಸಿದ್ದು ಮುಂದಿನ ಭಾಗಕ್ಕೆ ದಾಟಲಿ, ಮತ್ತು ಕೊನೆಯ ಭಾಗ ಸಿದ್ಧವಾದ ಮೇಲೆ ಎಲ್ಲವನ್ನೂ ಬೆಸೆದು, ಮೊದಲಿಂದ ಕಡೆಯವರೆಗೆ ಒಂದೇ ಆಟವಾಗಿ ಆಡುವ ದಾರಿಯನ್ನೂ ಮಾಡಿಕೊಡಿ.